ಗೇಟಿನ ಮಾತು: ಬೆಂಗಳೂರಿನ ಹೊರವಲಯದ ಉದ್ಯಮ ಪ್ರದೇಶಗಳಲ್ಲಿ ದುಡಿಯುವವರ ಮನವೊಲಿಕೆಯ ಚರಿತ್ರೆ

ಕನ್ನಡ ಜಾನಪದ ಅಧ್ಯಯನವು ಬಹುಕಾಲ ಗ್ರಾಮವನ್ನೇ ತನ್ನ ಕ್ಷೇತ್ರವೆಂದು ಭಾವಿಸಿ ನಡೆದುಬಂದಿದೆ. ಕಣ, ಕಟ್ಟೆ, ಚಾವಡಿ, ಸಂತೆ, ಜಾತ್ರೆಗಳಲ್ಲಿ ಹುಟ್ಟುವ ಮಾತನ್ನು ನಮ್ಮ ಸಂಗ್ರಾಹಕರು ಶ್ರದ್ಧೆಯಿಂದ ದಾಖಲಿಸಿದ್ದಾರೆ. ಅಷ್ಟೇ ಶ್ರದ್ಧೆಯನ್ನು ಕಾರ್ಖಾನೆಯ ಬಾಗಿಲಲ್ಲಿ ಹುಟ್ಟುವ ಮಾತಿಗೆ ತೋರಿಸಿಲ್ಲ. ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಎಂಬ ಹೆಸರುಗಳು ನಮಗೆ ಅರ್ಥಶಾಸ್ತ್ರದ ವಿಷಯಗಳಾಗಿ ಉಳಿದವೇ ಹೊರತು ಮೌಖಿಕ ಪರಂಪರೆಯ ನೆಲೆಗಳಾಗಿ ಕಾಣಲಿಲ್ಲ. ಆದರೆ ಕಳೆದ ನಾಲ್ಕೂವರೆ ದಶಕಗಳಲ್ಲಿ ಈ ವಲಯದ ದುಡಿಯುವ ಜನ ದೊಡ್ಡ ಆಡಳಿತಗಳ ಎದುರು ನಿಂತಾಗಲೆಲ್ಲ ಮೊದಲು ತಮ್ಮ ಪಕ್ಕದವರನ್ನು ಒಪ್ಪಿಸಬೇಕಾಯಿತು. ಆ ಒಪ್ಪಿಸುವ ಕೆಲಸ ನಡೆದದ್ದು ಬಾಯಿಮಾತಿನಲ್ಲಿ. ಅದು ಎಲ್ಲಿ ನಡೆಯಿತು, ಹೇಗೆ ನಡೆಯಿತು, ಅದಕ್ಕೆ ದೊರೆಯುತ್ತಿದ್ದ ಜಾಗ ಹೇಗೆ ಕಿರಿದಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಒಪ್ಪಿಸು’ ಎಂಬ ಕ್ರಿಯಾಪದವನ್ನು ಇಲ್ಲಿ ಬೇಕೆಂದೇ ಬಳಸಿದ್ದೇನೆ. ಕನ್ನಡದಲ್ಲಿ ಅದಕ್ಕೆ ಮೂರು ಬಳಕೆಗಳಿವೆ. ಒಬ್ಬರನ್ನು ಒಂದು ಮಾತಿಗೆ ಒಪ್ಪುವಂತೆ ಮಾಡುವುದೂ ಒಪ್ಪಿಸುವುದೇ. ಕೈಯಲ್ಲಿರುವುದನ್ನು ಇನ್ನೊಬ್ಬರ ವಶಕ್ಕೆ ಕೊಡುವುದೂ ಒಪ್ಪಿಸುವುದೇ. ಬಾಯಿಪಾಠವಾದದ್ದನ್ನು ತಪ್ಪಿಲ್ಲದೆ ಹೇಳುವುದೂ ಒಪ್ಪಿಸುವುದೇ. ಮಗ್ಗಿ ಒಪ್ಪಿಸುವ ಹುಡುಗನಿಗೂ ಲೆಕ್ಕ ಒಪ್ಪಿಸುವ ಶಾನುಭೋಗನಿಗೂ ಒಂದೇ ಪದ. ಇದಕ್ಕೆ ಎದುರಾಗಿ ‘ಸಾರು’ ಎಂಬುದೊಂದಿದೆ. ತಮಟೆ ಬಡಿದು ಸಾರುವ ಮಾತು ಅಧಿಕಾರದ ಮಾತು. ಅದು ಕಿವಿಗೆ ಬಿದ್ದರೆ ಸಾಕು, ಕೇಳುವವನ ಒಪ್ಪಿಗೆ ಅದಕ್ಕೆ ಬೇಕಿಲ್ಲ. ಕಾರ್ಖಾನೆಯ ಸೂಚನಾ ಫಲಕದ ಸುತ್ತೋಲೆಯಾಗಲಿ, ಇಂದಿನ ಕಂಪನಿಯ ಇ-ಮೇಲ್ ಆಗಲಿ ಸಾರುವ ಜಾತಿಗೆ ಸೇರಿದವು. ಗೇಟ್ ಮೀಟಿಂಗ್ ಮಾತ್ರ ಮೂರೂ ಅರ್ಥಗಳಲ್ಲಿ ಒಪ್ಪಿಸುವಿಕೆ. ಅಲ್ಲಿ ಕೇಳಿದವನು ಮಾತನ್ನು ವಶಕ್ಕೆ ತೆಗೆದುಕೊಂಡು, ಒಳಗೆ ಒಯ್ದು, ಯಂತ್ರದ ಪಕ್ಕದವನಿಗೆ ಮತ್ತೆ ಒಪ್ಪಿಸಬೇಕು.

ಈ ಪದ್ಧತಿಯನ್ನು ಬೆಂಗಳೂರಿನಲ್ಲಿ ನೆಲೆಗೊಳಿಸಿದ್ದು ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು. 1940ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್, 1948ರಲ್ಲಿ ದೂರವಾಣಿನಗರದ ಐ.ಟಿ.ಐ., 1950ರ ದಶಕದಲ್ಲಿ ಎಚ್.ಎಂ.ಟಿ. ಮತ್ತು ಬಿ.ಇ.ಎಲ್., 1964ರಲ್ಲಿ ಬಿ.ಇ.ಎಂ.ಎಲ್. ಸ್ಥಾಪನೆಗೊಂಡವು. ಇವು ಆಗಿನ ನಗರದ ಅಂಚಿನಲ್ಲಿದ್ದ ದೊಡ್ಡ ಆವರಣಗಳು. ಒಂದೊಂದಕ್ಕೂ ಒಂದೋ ಎರಡೋ ಹೆಬ್ಬಾಗಿಲು. ಹೊರಗೆ ಸರ್ಕಾರಿ ರಸ್ತೆ, ರಸ್ತೆಯ ಆಚೆ ಚಹದಂಗಡಿ. ಒಂದು ಪಾಳಿ ಬಿಟ್ಟು ಇನ್ನೊಂದು ಪಾಳಿ ಕೂಡುವ ಹತ್ತು ಹದಿನೈದು ನಿಮಿಷಗಳಲ್ಲಿ ಸಾವಿರಾರು ಜನ ಆ ಬಾಗಿಲನ್ನು ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ದಾಟುತ್ತಿದ್ದರು. ಭಾಷಣಕಾರನಿಗೆ ಸಿಗುತ್ತಿದ್ದದ್ದು ಅಷ್ಟೇ ಅವಧಿ. ಕೇಳುವವರಲ್ಲಿ ಕನ್ನಡಿಗರೊಂದಿಗೆ ತಮಿಳರು, ತೆಲುಗರು, ಮಲಯಾಳಿಗಳು ಇದ್ದರು. ಹೀಗಾಗಿ ಗೇಟಿನ ಮಾತು ತನ್ನದೇ ಒಂದು ರಚನೆಯನ್ನು ಪಡೆಯಿತು: ಚಿಕ್ಕ ವಾಕ್ಯ, ಒಂದೇ ಬೇಡಿಕೆ, ನೆನಪಿನಲ್ಲಿ ನಿಲ್ಲುವ ಒಂದು ಅಂಕಿ, ಕೊನೆಗೆ ಎಲ್ಲರೂ ದನಿಗೂಡಿಸುವ ಘೋಷಣೆ. ಸೋಬಾನೆಯಲ್ಲಿ ಮೇಳದವರು ಎತ್ತಿಕೊಳ್ಳುವ ಸೊಲ್ಲಿಗೆ ಇರುವ ಸ್ಥಾನವೇ ಇಲ್ಲಿ ಘೋಷಣೆಗೆ. 1975ರಲ್ಲಿ ಹುಟ್ಟಿದ ‘ಸಮುದಾಯ’ ಸಂಘಟನೆ ತನ್ನ ಬೀದಿನಾಟಕಗಳನ್ನೂ ಜಾಥಾಗಳನ್ನೂ ರೂಪಿಸಿದಾಗ ಅದಕ್ಕೆ ಸಿದ್ಧ ಪ್ರೇಕ್ಷಕವರ್ಗವೊಂದು ದೊರೆತದ್ದು ಈ ಬಾಗಿಲುಗಳ ಮುಂದೆ ಎಂಬುದನ್ನು ರಂಗಭೂಮಿಯ ಚರಿತ್ರೆಕಾರರು ಇನ್ನಷ್ಟು ವಿವರವಾಗಿ ನೋಡಬೇಕಿದೆ.

ಆ ಬಾಗಿಲುಗಳ ಬಲ ಪೂರ್ಣವಾಗಿ ಪ್ರಕಟವಾದದ್ದು 1980ರ ಡಿಸೆಂಬರ್ ಕೊನೆಯ ವಾರದಿಂದ 1981ರ ಮಾರ್ಚ್‌ವರೆಗೆ ನಡೆದ 77 ದಿನಗಳ ಮುಷ್ಕರದಲ್ಲಿ. ಐದು ಸಾರ್ವಜನಿಕ ಉದ್ದಿಮೆಗಳ ಸುಮಾರು 1,25,000 ಕಾರ್ಮಿಕರು ಅದರಲ್ಲಿ ಭಾಗಿಯಾದರು. ಬಿ.ಎಚ್.ಇ.ಎಲ್. ನೌಕರರಿಗೆ ಸಮನಾದ ವೇತನ ಬೇಕೆಂಬುದು ಬೇಡಿಕೆಯ ತಿರುಳು. ಮುಷ್ಕರ ತನ್ನ ಗುರಿಯನ್ನು ಮುಟ್ಟಲಿಲ್ಲ. ಅದರ ನಂತರ ಬೆಂಗಳೂರಿನ ಕಾರ್ಮಿಕ ಚಳವಳಿ ಅದೇ ಪ್ರಮಾಣದಲ್ಲಿ ಮತ್ತೆ ಎದ್ದು ನಿಲ್ಲಲೂ ಇಲ್ಲ. ಸೋಲಿನ ಕಾರಣಗಳನ್ನು ಇತಿಹಾಸಕಾರರು ಚರ್ಚಿಸಿದ್ದಾರೆ. ಜಾನಪದ ವಿದ್ಯಾರ್ಥಿಗೆ ಮುಖ್ಯವಾಗುವ ಸಂಗತಿ ಬೇರೆ. ಐದು ಬೇರೆ ಬೇರೆ ಆಡಳಿತಗಳ ಕೆಳಗಿದ್ದ ಜನ ಎರಡೂವರೆ ತಿಂಗಳು ಸಂಬಳವಿಲ್ಲದೆ ಒಂದೇ ಮಾತಿಗೆ ನಿಂತದ್ದು ಮುದ್ರಿತ ಕರಪತ್ರವೊಂದರ ಬಲದಿಂದಲ್ಲ. ಆ ಕರಪತ್ರವನ್ನು ಬಾಗಿಲಲ್ಲಿ ಓದಿ ಹೇಳಿದವರ, ವಸತಿ ಬಡಾವಣೆಗಳ ಮನೆಮನೆಯಲ್ಲಿ ಮತ್ತೆ ಹೇಳಿದವರ ಬಲದಿಂದ.

ನಗರದ ಕಾರ್ಮಿಕರ ಈ ಪದ್ಧತಿಯ ಪಕ್ಕದಲ್ಲಿಯೇ ರೈತರ ಇನ್ನೊಂದು ಪದ್ಧತಿ ಬೆಳೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘವು 1992ರ ಡಿಸೆಂಬರ್ 29ರಂದು ಬೆಂಗಳೂರಿನಲ್ಲಿದ್ದ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಸುಟ್ಟಿತು. 1998ರ ನವೆಂಬರ್ 28ರಂದು ರಾಯಚೂರು ಜಿಲ್ಲೆಯ ಮಲದಕಲ್ಲಿನಲ್ಲಿ ಮೊನ್ಸಾಂಟೋ ಕಂಪನಿಯ ಪ್ರಾಯೋಗಿಕ ಹತ್ತಿ ಬೆಳೆಯನ್ನು ಕಿತ್ತು ಸುಟ್ಟು, ಆ ಕಾರ್ಯಕ್ರಮಕ್ಕೆ ಅಂತ್ಯಸಂಸ್ಕಾರದ ಹೆಸರನ್ನೇ ಇಟ್ಟಿತು. ಮಾರಿಯನ್ನು ಊರ ಗಡಿ ದಾಟಿಸುವ, ಪೀಡೆಯನ್ನು ಸುಟ್ಟು ಕಳೆಯುವ ಆಚರಣೆಗಳ ವ್ಯಾಕರಣವನ್ನು ಇಲ್ಲಿ ಗುರುತಿಸುವುದು ಕಷ್ಟವಲ್ಲ. ಕಂಪನಿಗೆ ಮುಖವಿಲ್ಲ, ಅದು ಊರಿನ ಕಟ್ಟೆಗೆ ಬಂದು ಕೂರುವುದಿಲ್ಲ. ಆದ್ದರಿಂದ ಅದಕ್ಕೊಂದು ದೇಹವನ್ನು ಕೊಟ್ಟು ಆ ದೇಹದ ಮೇಲೆ ಕ್ರಿಯೆ ನಡೆಸುವುದು ರೈತರ ವಿಧಾನವಾಯಿತು. ನಾಶದ ಕ್ರಿಯೆಯನ್ನು ನಾನು ಸಮರ್ಥಿಸುತ್ತಿಲ್ಲ. ಅದರ ಅರ್ಥ ನೋಡಿದವರಿಗೆಲ್ಲ ಕೂಡಲೇ ಆಯಿತು ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಇಷ್ಟರಲ್ಲಿ ಹೊಸ ಉದ್ಯಮ ವಲಯಗಳು ಎದ್ದಿದ್ದವು. ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ 1882ರಲ್ಲಿ ಹುಟ್ಟಿದ ಕೃಷಿ ವಸಾಹತಾದ ವೈಟ್‌ಫೀಲ್ಡ್‌ನಲ್ಲಿ 1990ರ ದಶಕದ ನಡುವೆ ಸಿಂಗಪುರದ ಸಹಭಾಗಿತ್ವದ ಟೆಕ್ ಪಾರ್ಕ್ ತಲೆಯೆತ್ತಿತು. ಹೊಸ ವಲಯಗಳ ಬಾಗಿಲು ಹಳೆಯ ಬಾಗಿಲಿನಂತಿರಲಿಲ್ಲ. ಒಂದೇ ಪಾರ್ಕಿನೊಳಗೆ ಹತ್ತಾರು ಕಂಪನಿಗಳು, ಹಲವು ದ್ವಾರಗಳು, ಬೇರೆ ಬೇರೆ ವೇಳೆಗಳು. ನೌಕರನು ಮನೆಯ ಬಳಿ ಕಂಪನಿಯ ಬಸ್ಸನ್ನೋ ಕ್ಯಾಬನ್ನೋ ಹತ್ತಿ ಕಟ್ಟಡದ ಕೆಳಗಣ ನಿಲುಗಡೆಯಲ್ಲಿ ಇಳಿಯುತ್ತಾನೆ. ನಡುವೆ ಅವನ ಕಾಲು ಸಾರ್ವಜನಿಕ ನೆಲವನ್ನು ಮುಟ್ಟುವುದೇ ಇಲ್ಲ. ಪಾರ್ಕಿನ ಒಳರಸ್ತೆ ಖಾಸಗಿ ಸ್ವತ್ತು. 2013ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಸುಮಾರು 900 ಎಕರೆಗೆ ಪ್ರತ್ಯೇಕ ಕೈಗಾರಿಕಾ ನಗರ ಪ್ರಾಧಿಕಾರ ರಚನೆಯಾಗಿ, ತೆರಿಗೆ ಸಂಗ್ರಹ ಹಾಗೂ ನಗರಾಡಳಿತದ ಅಧಿಕಾರಗಳು ಉದ್ಯಮಗಳ ಪ್ರತಿನಿಧಿಗಳಿರುವ ಸಂಸ್ಥೆಯ ಕೈಗೆ ಬಂದವು. ರಸ್ತೆ, ದೀಪ, ಕಸದ ನಿರ್ವಹಣೆ ಸುಧಾರಿಸಿರಬಹುದು. ಆದರೆ ಮತ ಕೊಟ್ಟು ಆರಿಸಿದ ಸದಸ್ಯನೊಬ್ಬನ ಬಳಿ ಹೋಗಿ ‘ಇಲ್ಲಿ ನಿಂತು ನಾಲ್ಕು ಮಾತು ಆಡಬಹುದೇ’ ಎಂದು ಕೇಳುವ ಅವಕಾಶ ಅಲ್ಲಿ ದುಡಿಯುವವನಿಗೆ ಇಲ್ಲ.

ಕಾನೂನಿನ ಬಾಗಿಲೂ ಹೀಗೆಯೇ ಅರೆಮುಚ್ಚಿತು. ಸೇವಾ ನಿಯಮಗಳನ್ನು ಬರೆದು ಪ್ರಕಟಿಸಬೇಕೆಂದು ಮಾಲೀಕರಿಗೆ ವಿಧಿಸುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಮಾಹಿತಿ ತಂತ್ರಜ್ಞಾನ ಉದ್ಯಮಕ್ಕೆ ಕರ್ನಾಟಕ ಸರ್ಕಾರ 2014ರಲ್ಲಿ ಐದು ವರ್ಷಗಳ ವಿನಾಯಿತಿಯನ್ನು ಮುಂದುವರಿಸಿತು. 2019ರಲ್ಲಿ ಮತ್ತೊಮ್ಮೆ, 2024ರ ಜೂನ್‌ನಲ್ಲಿ ಇನ್ನೊಮ್ಮೆ. ಕುಂದುಕೊರತೆ ಸಮಿತಿ ಇರಬೇಕು, ಕೆಲಸದಿಂದ ತೆಗೆದ ವಿವರವನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳು ವಿನಾಯಿತಿಯ ಜೊತೆಗಿದ್ದವು. ಷರತ್ತುಗಳು ಪಾಲನೆಯಾಗುತ್ತಿಲ್ಲವೆಂಬುದೇ ನೌಕರರ ಸಂಘದ ನಿರಂತರ ದೂರಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಹಳೆಯ ಕಾಯ್ದೆಯ ಸ್ಥಾನವನ್ನು ಪಡೆದಿದೆ.

ಹೊಸ ವಲಯಗಳ ನಡುವೆ ಪೀಣ್ಯ ಮಾತ್ರ ಹಳೆಯ ಬಗೆಯಲ್ಲಿಯೇ ಉಳಿದಿದೆ. ಲೇತು, ಅಚ್ಚು, ಎರಕದ ಸಣ್ಣ ಘಟಕಗಳ ಬಾಗಿಲು ನೇರ ಬೀದಿಗೆ ತೆರೆಯುತ್ತದೆ. ಪೀಣ್ಯದಲ್ಲಿಯೂ ಹೊಸೂರು ರಸ್ತೆಯ ಉದ್ದಕ್ಕೂ ಹರಡಿರುವ ಸಿದ್ಧ ಉಡುಪು ಕಾರ್ಖಾನೆಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಬೀಸುವಾಗ, ನಾಟಿ ಮಾಡುವಾಗ ಹಾಡು ಕಟ್ಟಿದ ತಾಯಂದಿರ ಮಕ್ಕಳು, ಮೊಮ್ಮಕ್ಕಳು ಹೊಲಿಗೆ ಯಂತ್ರದ ಸಾಲಿನಲ್ಲಿ ಹಾಡಲಾರರು. ಯಂತ್ರದ ಸದ್ದು ಒಂದು ಕಾರಣ, ಗಂಟೆಗಿಷ್ಟು ತುಂಡು ಎಂಬ ಟಾರ್ಗೆಟ್ ಇನ್ನೊಂದು. ಮಾತಿಗೆ ಅವರಿಗೆ ಉಳಿದಿರುವುದು ಊಟದ ಅರ್ಧ ಗಂಟೆ ಮತ್ತು ಮನೆಗೂ ಕಾರ್ಖಾನೆಗೂ ನಡುವಿನ ಟೆಂಪೊ ಪ್ರಯಾಣ. ಈ ಕಿರಿದಾದ ಜಾಗಗಳಲ್ಲಿ ಮಾತು ಎಷ್ಟು ವೇಗವಾಗಿ ಹರಿಯಬಲ್ಲದು ಎಂಬುದನ್ನು 2016ರ ಏಪ್ರಿಲ್ ತೋರಿಸಿತು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷದ ಫೆಬ್ರವರಿಯಲ್ಲಿ ನಿಯಮ ಬದಲಿಸಿತ್ತು. ಮಗಳ ಮದುವೆಗೆ, ಊರಿನ ಸಾಲಕ್ಕೆ, ಮನೆಯ ಚಾವಣಿಗೆಂದು ಆ ಹಣವನ್ನೇ ನಂಬಿದ್ದವರಿಗೆ ನಿಯಮದ ಪಠ್ಯ ಬೇಕಿರಲಿಲ್ಲ. ‘ನಮ್ಮ ದುಡ್ಡು ನಮಗೆ ಸಿಗೋದಿಲ್ಲವಂತೆ’ ಎಂಬಷ್ಟು ಮಾತು ಸಾಕಾಯಿತು. ಏಪ್ರಿಲ್ 18ರಂದು ಬೊಮ್ಮನಹಳ್ಳಿಯಲ್ಲಿ ಸಾವಿರಾರು ಮಹಿಳೆಯರು ಹೊಸೂರು ರಸ್ತೆಗೆ ಇಳಿದರು. ಮರುದಿನ ಪೀಣ್ಯ, ಜಾಲಹಳ್ಳಿ, ತುಮಕೂರು ರಸ್ತೆಗಳಿಗೂ ಅದು ಹಬ್ಬಿತು. ಕರೆ ಕೊಟ್ಟ ಸಂಘವಿಲ್ಲ, ಮುಂದೆ ನಿಂತ ನಾಯಕನಿಲ್ಲ. ಹೆಬ್ಬಗೋಡಿ ಪೊಲೀಸ್ ಠಾಣೆಯ ಬಳಿ ವಾಹನಗಳು ಬೆಂಕಿಗೆ ಆಹುತಿಯಾದವು, ಲಾಠಿ ಬೀಸಿತು, ಬಂಧನಗಳಾದವು. ಏಪ್ರಿಲ್ 19ರಂದೇ ಕೇಂದ್ರವು ನಿಯಮವನ್ನು ಹಿಂತೆಗೆದುಕೊಂಡಿತು. ಎರಡು ದಿನಗಳಲ್ಲಿ ದೇಶದ ಕೋಟ್ಯಂತರ ಚಂದಾದಾರರಿಗೆ ಅನ್ವಯಿಸುವ ನಿಯಮವೊಂದನ್ನು ಈ ಹೆಣ್ಣುಮಕ್ಕಳು ತಿರುಗಿಸಿದರು.

ಅದೇ ಮಹಿಳೆಯರು ತಮ್ಮ ನೇರ ಮಾಲೀಕರೊಡನೆ ನಡೆಸಬೇಕಾದ ವ್ಯವಹಾರ ಅಷ್ಟು ಬೇಗ ಮುಗಿಯುವಂಥದ್ದಾಗಿರಲಿಲ್ಲ. 2020ರ ಏಪ್ರಿಲ್‌ನಿಂದ ಸಲ್ಲಬೇಕಿದ್ದ ತುಟ್ಟಿಭತ್ಯೆಯನ್ನು, ತಿಂಗಳಿಗೆ ಸುಮಾರು 417 ರೂಪಾಯಿಯನ್ನು, ರಾಜ್ಯದ ಉಡುಪು ಕಾರ್ಖಾನೆಗಳು ತಡೆಹಿಡಿದವು. ಬಾಕಿಯಿದ್ದ ಕಾರ್ಮಿಕರು 4 ಲಕ್ಷಕ್ಕೂ ಹೆಚ್ಚು. ಭತ್ಯೆಯನ್ನು ಮುಂದೂಡಿದ್ದ ಸರ್ಕಾರದ ಆದೇಶಕ್ಕೆ ಹೈಕೋರ್ಟ್ ತಡೆ ನೀಡಿದ ಮೇಲೂ ಹಣ ಬರಲಿಲ್ಲ. ಸ್ಥಳೀಯ ಸಂಘಗಳು ಕರಪತ್ರ ಹಂಚಿದವು, ನ್ಯಾಯಾಲಯದಲ್ಲಿ ಪಟ್ಟುಹಿಡಿದವು, ಅಮೆರಿಕದ ಕಾರ್ಮಿಕ ಹಕ್ಕುಗಳ ಸಂಸ್ಥೆಯೊಂದರ ಮೂಲಕ ವಿದೇಶಿ ಬ್ರಾಂಡ್‌ಗಳಿಗೆ ವಿಷಯ ಮುಟ್ಟಿಸಿದವು. 2022ರ ಆರಂಭದಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ಪಾವತಿಗೆ ಮುಂದಾದವು. 2016ರ ಎರಡು ದಿನಗಳನ್ನು ಎಲ್ಲರೂ ನೆನೆಯುತ್ತಾರೆ. ಈ ಎರಡು ವರ್ಷಗಳನ್ನು ನೆನೆಯುವವರು ವಿರಳ. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚಿನದು.

ಮಾತಿಗೆ ಜಾಗವೇ ಇಲ್ಲದಿದ್ದಲ್ಲಿ ಏನಾಗುತ್ತದೆ ಎಂಬುದಕ್ಕೆ ವೈಟ್‌ಫೀಲ್ಡ್, ಹೊಸಕೋಟೆಗಳನ್ನು ದಾಟಿ ಕೋಲಾರದ ಹಾದಿಯಲ್ಲಿರುವ ನರಸಾಪುರವನ್ನು ನೋಡಬೇಕು. ಆಪಲ್ ಕಂಪನಿಗೆ ಫೋನ್ ಜೋಡಿಸಿಕೊಡುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕೆಲವೇ ತಿಂಗಳಲ್ಲಿ ಕೆಲಸಗಾರರ ಸಂಖ್ಯೆ ಸುಮಾರು 5,000ದಿಂದ 10,500ಕ್ಕೆ ಏರಿತ್ತು. ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದ ತರುಣರು. ಪಾಳಿ 12 ಗಂಟೆಗೆ ಹಿಗ್ಗಿತ್ತು, ಸಂಬಳ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಕೇಳಬೇಕಾದದ್ದು ಯಾರನ್ನು? ಏಜೆನ್ಸಿ ಕಾರ್ಖಾನೆಯತ್ತ ಬೆರಳು ತೋರಿಸಿದರೆ ಕಾರ್ಖಾನೆ ಏಜೆನ್ಸಿಯತ್ತ ತೋರಿಸಬಹುದಾದ ವ್ಯವಸ್ಥೆ ಅದು. 2020ರ ಡಿಸೆಂಬರ್ 12ರ ಬೆಳಿಗ್ಗೆ ಪಾಳಿ ಬಿಡುವ ಹೊತ್ತಿನಲ್ಲಿ ಕಾರ್ಖಾನೆ ಧ್ವಂಸಗೊಂಡಿತು. ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ವೇತನ ಕೆಲವರಿಗೆ ಸರಿಯಾಗಿ ಸಂದಿಲ್ಲವೆಂದು ಅನಂತರ ಆಪಲ್ ಒಪ್ಪಿಕೊಂಡು ವಿಸ್ಟ್ರಾನನ್ನು ತಾತ್ಕಾಲಿಕ ನಿಗಾದಲ್ಲಿರಿಸಿತು. 2023ರಲ್ಲಿ ಆ ಘಟಕ ಟಾಟಾ ಸಮೂಹದ ಕೈಗೆ ಬಂತು. ಗೇಟ್ ಮೀಟಿಂಗ್ ಎಂಬುದು ಮಾಲೀಕರಿಗೆ ಕಿರಿಕಿರಿಯಾಗಿ ಕಂಡಿರಬಹುದು. ಒಳಗಿನ ಅಸಮಾಧಾನದ ಪ್ರಮಾಣವನ್ನು ಮುಂಚಿತವಾಗಿ ತಿಳಿಸುತ್ತಿದ್ದದ್ದೂ ಅದೇ ಎಂಬುದನ್ನು ನರಸಾಪುರದ ಸಂದರ್ಭದಲ್ಲಿ ಯಾರೂ ಗಮನಿಸಿದಂತೆ ಕಾಣುವುದಿಲ್ಲ.

ಮಾಹಿತಿ ತಂತ್ರಜ್ಞಾನದ ನೌಕರರಲ್ಲಿ ಸಂಘಟನೆ ಸಾಧ್ಯವೇ ಇಲ್ಲವೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಸಂಬಳ ಹೆಚ್ಚು, ಕೆಲಸ ಬದಲಿಸುವುದು ಸುಲಭ, ತಾನು ಕಾರ್ಮಿಕನೆಂಬ ಭಾವವೇ ಇಲ್ಲ ಎಂಬ ಕಾರಣಗಳನ್ನು ಕೊಡಲಾಗುತ್ತಿತ್ತು. ಇವು ಅರ್ಧ ಸತ್ಯಗಳು. ಉಳಿದರ್ಧ ಭಯ. ಹಳೆಯ ಗೇಟಿನಲ್ಲಿ ಗುಂಪಿನಲ್ಲೊಬ್ಬನಾಗಿ ನಿಂತು ಕೇಳಿದವನ ಹೆಸರನ್ನು ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಇಲ್ಲಿ ಕೊರಳಲ್ಲಿ ಗುರುತುಪಟ್ಟಿ, ತಲೆಯ ಮೇಲೆ ಕ್ಯಾಮೆರಾ, ಕೈಯಲ್ಲಿ ಕಂಪನಿಯದೇ ಗಣಕಯಂತ್ರ, ಮುಂದಿನ ಕೆಲಸಕ್ಕೆ ಹಿನ್ನೆಲೆಯ ತಪಾಸಣೆ. 2017ರಲ್ಲಿ ಹಲವು ಕಂಪನಿಗಳಲ್ಲಿ ಉದ್ಯೋಗ ಕಡಿತದ ಅಲೆ ಎದ್ದಾಗ ಕರ್ನಾಟಕ ರಾಜ್ಯ ಐಟಿ ಮತ್ತು ಐಟಿ ಆಧಾರಿತ ಸೇವೆಗಳ ನೌಕರರ ಸಂಘ, ಬಳಕೆಯಲ್ಲಿ ‘ಕಿಟು’, ನೋಂದಣಿಯಾಯಿತು. ಸಿಐಟಿಯುವಿನ ನಂಟಿರುವ ಈ ಸಂಘ ಹಳೆಯ ಪದ್ಧತಿಯನ್ನೇ ಹೊಸ ನೆಲಕ್ಕೆ ತಂದಿತು: ಕರಪತ್ರ, ಗೇಟ್ ಮೀಟಿಂಗ್, ಇಲಾಖೆಗೆ ದೂರು. ಮನೆಯಿಂದಲೇ ಕೆಲಸ ನಡೆದ 2020, 2021ರಲ್ಲಿ ಗೇಟೂ ಇಲ್ಲವಾಯಿತು.

2024ರ ಜುಲೈನಲ್ಲಿ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿಯ ಪ್ರಸ್ತಾವ ಹೊರಬಂದಿತು. ಈ ವಲಯದ ನೌಕರರನ್ನು ದಿನಕ್ಕೆ 12 ಗಂಟೆಗೂ ಹೆಚ್ಚು, ಮೂರು ತಿಂಗಳಲ್ಲಿ 125 ಗಂಟೆ ಮೀರದಂತೆ ಹೆಚ್ಚುವರಿಯಾಗಿ ದುಡಿಸಬಹುದೆಂಬುದು ಅದರ ಸಾರ. ಸಂಘವು ಇದನ್ನು ‘ದಿನಕ್ಕೆ 14 ಗಂಟೆ’ ಎಂದು ಓದಿತು. ಪ್ರಸ್ತಾವದ ಪಠ್ಯವನ್ನು ಎದುರಿಗಿಟ್ಟುಕೊಂಡರೆ ಇದು ಸಂಘದ ವ್ಯಾಖ್ಯಾನವೆಂದೇ ಹೇಳಬೇಕು. ಆದರೂ ಬಾಯಿಂದ ಬಾಯಿಗೆ ಹೋದದ್ದು 14 ಎಂಬ ಅಂಕಿಯೇ. 125 ಗಂಟೆಯ ಲೆಕ್ಕವನ್ನು ಯಾರೂ ಒಪ್ಪಿಸಲಾರರು. ಮೂರು ಪಾಳಿ ಎರಡಾದರೆ ಮೂರರಲ್ಲಿ ಒಂದು ಪಾಲು ಜನ ಕೆಲಸ ಕಳೆದುಕೊಳ್ಳುತ್ತಾರೆ ಎಂಬ ವಾದ ಅದರ ಬೆನ್ನಿಗಿತ್ತು, ಮತ್ತು ಅದು ಬೆರಳೆಣಿಕೆಯಲ್ಲಿ ಮುಗಿಯುವ ಲೆಕ್ಕ. ಎದುರು ಪಕ್ಷದ ಮಾತೂ ಅಂಕಿಯ ರೂಪದಲ್ಲಿಯೇ ಬರುತ್ತಿತ್ತೆಂಬುದು ಕುತೂಹಲಕರ. ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್‌ನ ಎನ್.ಆರ್. ನಾರಾಯಣಮೂರ್ತಿ 2023ರ ಅಕ್ಟೋಬರ್‌ನಲ್ಲಿ ಹೇಳಿದ್ದರು. ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು 2025ರ ಜನವರಿಯಲ್ಲಿ ಹೊರಬಂದಿತು. ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರು, ಪ್ರಸ್ತಾವಕ್ಕೆ ಉದ್ಯಮದ ಒತ್ತಡವಿದೆಯೆಂದು ಬಹಿರಂಗವಾಗಿಯೇ ಹೇಳಿ ಸಾರ್ವಜನಿಕ ಚರ್ಚೆಯನ್ನು ಬಯಸಿದರು. ಆ ಕರಡು ಸದನಕ್ಕೆ ಬರಲಿಲ್ಲ. 2025ರ ಜೂನ್‌ನಲ್ಲಿ ದಿನದ ಅವಧಿಯನ್ನು 9ರಿಂದ 10 ಗಂಟೆಗೆ, ಹೆಚ್ಚುವರಿ ದುಡಿಮೆ ಸೇರಿ 12 ಗಂಟೆಗೆ ಏರಿಸುವ ಇನ್ನೊಂದು ಪ್ರಸ್ತಾವ ಬಂತು. ಸಂಘ ಮತ್ತೆ ಬೀದಿಗೆ ಬಂತು.

ಬೀದಿ ಎಂದರೆ ಯಾವುದು? ಬೆಂಗಳೂರಿನಲ್ಲಿ ಪ್ರತಿಭಟನೆ, ಮೆರವಣಿಗೆಗಳನ್ನು ನಿಯಂತ್ರಿಸುವ 2021ರ ಆದೇಶದ ಪ್ರಕಾರ ಅದು ಸ್ವಾತಂತ್ರ್ಯ ಉದ್ಯಾನ, ಅಂದರೆ ಹಳೆಯ ಕೇಂದ್ರ ಕಾರಾಗೃಹದ ಆವರಣ. ಅದು ವೈಟ್‌ಫೀಲ್ಡ್‌ಗೂ ಎಲೆಕ್ಟ್ರಾನಿಕ್ ಸಿಟಿಗೂ ಸುಮಾರು 20 ಕಿಲೋಮೀಟರ್ ದೂರ. 2025ರ ಮಾರ್ಚ್ 9ರ ಭಾನುವಾರ ಕೆಲಸ ಮತ್ತು ಬದುಕಿನ ಸಮತೋಲನಕ್ಕಾಗಿ ಐಟಿ ನೌಕರರು ಸೇರಿದ್ದು ಅಲ್ಲಿಯೇ. ಫ್ರಾನ್ಸ್‌ನಲ್ಲಿ 2017ರಿಂದ ಜಾರಿಯಲ್ಲಿರುವಂತೆ, ಕೆಲಸದ ವೇಳೆಯ ಬಳಿಕ ಕಚೇರಿಯ ಕರೆಗೆ ಓಗೊಡದಿರುವ ಹಕ್ಕು ಇಲ್ಲಿಯೂ ಬೇಕೆಂದು ಕೇಳಿದರು. ಇಬ್ಬರು ಉದ್ಯಮಿಗಳ ಪ್ರತಿಕೃತಿ ದಹನಕ್ಕೆ ಮುಂದಾದಾಗ ಪೊಲೀಸರು ನಡುವೆ ಬಂದರು. ಮಲದಕಲ್ಲಿನ ರೈತರ ಆಚರಣೆಯೇ ಗಣಕತಜ್ಞರ ಕೈಯಲ್ಲಿ ಮತ್ತೆ ಕಾಣಿಸಿಕೊಂಡದ್ದು ಗಮನಾರ್ಹ. ಆದರೆ ಅಲ್ಲಿ ಸೇರಿದವರು ಆಗಲೇ ಒಪ್ಪಿದವರು. ಒಪ್ಪದವನು, ಅಳುಕುವವನು 20 ಕಿಲೋಮೀಟರ್ ಪ್ರಯಾಣ ಮಾಡಿ ಮಾತು ಕೇಳಲು ಬರುವುದಿಲ್ಲ. ಅವನು ಸಿಗುವುದು ಗೇಟಿನಲ್ಲಿ ಮಾತ್ರ. ಈ ಹಿನ್ನೆಲೆಯಲ್ಲಿ ಒಂದು ಸಣ್ಣ ಬದಲಾವಣೆಯನ್ನು ದಾಖಲಿಸಬೇಕು. 2023ರಲ್ಲಿ ಕಾಡುಗೋಡಿಯವರೆಗೆ, 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಬೊಮ್ಮಸಂದ್ರದವರೆಗೆ ಮೆಟ್ರೊ ಬಂದ ಮೇಲೆ, ನಿಲ್ದಾಣದಿಂದ ಕಚೇರಿಗೆ ಕಾಲ್ನಡಿಗೆಯಲ್ಲಿ ಹೋಗುವವರ ಸಾಲು ಈ ವಲಯಗಳಲ್ಲಿ ಮತ್ತೆ ಕಾಣತೊಡಗಿದೆ.

ಗೇಟೂ ಪಾಳಿಯೂ ಇಲ್ಲದ ದುಡಿಮೆ ಇನ್ನೊಂದಿದೆ. ಊಟ, ದಿನಸಿ ತಲುಪಿಸುವ ತರುಣರಿಗೆ ಮಾಲೀಕನೆಂದರೆ ಫೋನಿನೊಳಗಿನ ಒಂದು ಆ್ಯಪ್. ಅವರು ಒಬ್ಬರನ್ನೊಬ್ಬರು ಕಾಣುವುದು ಹೋಟೆಲಿನ ಮುಂದೆ, ದಾಸ್ತಾನು ಮಳಿಗೆಯ ಪಕ್ಕದ ಮರದ ನೆರಳಿನಲ್ಲಿ, ಆರ್ಡರಿಗಾಗಿ ಕಾಯುವಾಗ. ಕಟ್ಟೆ ಎಂಬ ಹಳೆಯ ಪದ ಇಂಥ ಜಾಗಕ್ಕೆ ಚೆನ್ನಾಗಿ ಒಪ್ಪುತ್ತದೆ. ಇವರ ಹಾಗೂ ಕ್ಯಾಬ್ ಚಾಲಕರ ಸಂಘಗಳ ಹಲವು ವರ್ಷಗಳ ಒತ್ತಾಯದ ಫಲವಾಗಿ 2024ರ ಜೂನ್‌ನಲ್ಲಿ ಕರಡು ಮಸೂದೆ, 2025ರ ಮೇನಲ್ಲಿ ಸುಗ್ರೀವಾಜ್ಞೆ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಬಂದವು. ಪ್ರತಿ ವ್ಯವಹಾರದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕೆಲಸದಿಂದ ತೆಗೆಯುವ ಮುನ್ನ 14 ದಿನಗಳ ನೋಟಿಸು, ಕೆಲಸ ಹಂಚುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಮಾಹಿತಿ ಪಡೆಯುವ ಅವಕಾಶ ಅದರಲ್ಲಿವೆ. ಯಂತ್ರವು ಸಾರಿದ್ದಕ್ಕೆ ಕಾರಣ ಕೇಳುವ ಹಕ್ಕು ಕಾನೂನಿನ ಪುಟಕ್ಕೆ ಬಂದಿರುವುದು ಸಣ್ಣ ಸಂಗತಿಯಲ್ಲ.

ಈ ಚರಿತ್ರೆಯ ಆಕರಗಳು ಬಾಳಿಕೆಯವಲ್ಲ. ಕರಪತ್ರ ಮಳೆಗೆ ಸಿಕ್ಕಿ ಹೋಗುತ್ತದೆ, ಧ್ವನಿಸಂದೇಶ ಫೋನ್ ಬದಲಾದಾಗ ಅಳಿಯುತ್ತದೆ. 77 ದಿನಗಳ ಮುಷ್ಕರದಲ್ಲಿ ಗೇಟಿನ ಮುಂದೆ ನಿಂತು ಮಾತಾಡಿದವರು, ಕೇಳಿದವರು ಇಂದು ಎಪ್ಪತ್ತನ್ನು ದಾಟಿದ ವಯಸ್ಸಿನವರು. ಅವರ ಮಾತನ್ನು ಧ್ವನಿಮುದ್ರಿಸುವ ಕೆಲಸ ಕೂಡಲೇ ಆಗಬೇಕು. ಕರಪತ್ರಗಳನ್ನು ಸಂಗ್ರಹಿಸುವ ಗ್ರಂಥಾಲಯಗಳು ಮುದ್ರಿತ ಪಠ್ಯದ ಜೊತೆಗೆ ಅದು ಯಾವ ಗೇಟಿನಲ್ಲಿ, ಯಾವ ಪಾಳಿಯ ವೇಳೆಯಲ್ಲಿ, ಯಾವ ಯಾವ ಭಾಷೆಗಳಲ್ಲಿ ಓದಿ ಹೇಳಲ್ಪಟ್ಟಿತು ಎಂಬುದನ್ನೂ ಬರೆದಿಡುವುದು ಅವಶ್ಯ.